ಕುಬಟೂರಿನ ಸೀಮೆಯೂ ಪ್ರೌಢವಯಸ್ಸಿನ ವಿದ್ಯಾಭ್ಯಾಸವೂ

ವಿದ್ಯೆಯು ಬಾಲ್ಯದ ಸೊತ್ತು, ಸಂಸಾರಭಾರವನ್ನು ಹೊತ್ತಮೇಲೆ ಪುಸ್ತಕವನ್ನು ಹಿಡಿಯುವುದು ವ್ಯರ್ಥಪ್ರಯಾಸ ಎಂಬ ಅಭಿಪ್ರಾಯವು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿರುವುದು. ನಲವತ್ತು ದಾಟಿದ ಗೃಹಸ್ಥನೊಬ್ಬನು ಮರಳಿ ಕಾಲೇಜಿನ ಮೆಟ್ಟಲನ್ನು ಹತ್ತಿದರೆ ನೆರೆಹೊರೆಯವರು ಮುಗುಳ್ನಗುವರು. ಗೃಹಿಣಿಯೊಬ್ಬಳು ಮಕ್ಕಳನ್ನು ದಡಮುಟ್ಟಿಸಿದ ಬಳಿಕ ಪರೀಕ್ಷೆಗೆ ಕುಳಿತರೆ, ‘ಇನ್ನು ಇದೇತಕ್ಕೆ?’ ಎಂದು ಬಂಧುಗಳೇ ಕೇಳುವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯಂತೂ ಎಲ್ಲರ ನಾಲಗೆಯ ಮೇಲೆ ಸಿದ್ಧವಾಗಿಯೇ ಇರುತ್ತದೆ. ಆದರೂ ಹೀಗೆ ಮರಳಿ ಓದಲು ಹೋಗುವವರ ಸಂಖ್ಯೆಯು ಕಡಮೆಯಾಗಿಲ್ಲ. ಅವರಲ್ಲಿ ಕೆಲವರು ಪದವಿಯನ್ನರಸಿ ಹೋಗಿ, ಪದವಿಗಿಂತ ಹೆಚ್ಚಿನದೊಂದನ್ನು, ಎಂದರೆ ಹದಿನೆಂಟರ ಪ್ರಾಯದಲ್ಲಿ ಕೈಬಿಟ್ಟಿದ್ದ ಕವಿತೆಯನ್ನೋ ಸಂಗೀತವನ್ನೋ ಚಿತ್ರಕಲೆಯನ್ನೋ, ಪುನಃ ಕಂಡುಕೊಂಡು ಬರುತ್ತಾರೆ. ಇದು ಕೇವಲ ಈ ಕಾಲದ ಹೊಸ ಹವ್ಯಾಸವೇ, ಅಥವಾ ನಮ್ಮ ನಾಡಿನ ನಡೆಯಲ್ಲಿ ಇದಕ್ಕೆ ಹಿಂದಿನಿಂದ ಆಧಾರವುಂಟೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ದೂರದ ದೇಶಗಳ ಚರಿತ್ರೆಯನ್ನು ತೆರೆಯಬೇಕಾದ ಅಗತ್ಯವಿಲ್ಲ. ನಮ್ಮ ಜಿಲ್ಲೆಯ ಸೊರಬ ಶಿಕಾರಿಪುರಗಳ ಸೀಮೆಯೇ ಸಾಕು.

ಆನವಟ್ಟಿಯ ಸಮೀಪದಲ್ಲಿರುವ ಕುಬಟೂರು ಇಂದು ಸಾಮಾನ್ಯವಾದ ಒಂದು ಹಳ್ಳಿ. ಶಾಸನಗಳಲ್ಲಿ ಕುಪ್ಪಟೂರೆಂದು ಹೆಸರಾದ ಇದು ಒಂದು ಕಾಲಕ್ಕೆ ದೊಡ್ಡ ಅಗ್ರಹಾರವಾಗಿದ್ದಿತು. ಇದರ ಮಗ್ಗುಲಲ್ಲಿರುವ ಕೈಟಭೇಶ್ವರ ದೇವಾಲಯವು ಕ್ರಿ. ಶ. ೧೧೦೦ರ ಸುಮಾರಿನದು. ಕಡೆದು ನುಣುಪುಮಾಡಿದ ಕಂಬಗಳ ಸಾಲುಗಳಿಂದ ಕೂಡಿದ ಅದರ ವಿಶಾಲವಾದ ತೆರೆದ ಸಭಾಮಂಟಪವನ್ನು ನೋಡಿದವರಿಗೆ, ನೂರಾರು ಮಂದಿ ಕುಳಿತು ಕೇಳುವುದಕ್ಕಾಗಿಯೇ ಇದನ್ನು ಕಟ್ಟಿದರೋ ಎಂಬ ಭಾವನೆ ಹುಟ್ಟದಿರದು. ಕುಬಟೂರಿನ ಪಡುವಣಕ್ಕೆ ಕದಂಬರ ಬನವಾಸಿ. ತೆಂಕಣ ಮೂಡಣ ದಿಕ್ಕಿಗೆ ಬಳ್ಳಿಗಾವೆ, ತಾಳಗುಂದ. ಇವೆಲ್ಲವೂ ಇಲ್ಲಿಂದ ಒಂದು ಹಗಲಿನ ಕಾಲ್ನಡಿಗೆಯ ದೂರದವು. ಇಷ್ಟು ಕಿರಿದಾದ ನೆಲದಲ್ಲಿ ಇಷ್ಟೊಂದು ವಿದ್ಯಾಸ್ಥಾನಗಳು ಒತ್ತಾಗಿ ನೆರೆದಿರುವುದು ಕರ್ಣಾಟಕದಲ್ಲಿ ಅಪೂರ್ವವೆಂದೇ ಹೇಳಬೇಕು. ಬಿ. ಎಲ್. ರೈಸ್ ಅವರು ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದ ಶಿವಮೊಗ್ಗೆಯ ಶಾಸನಸಂಪುಟಗಳು ಈ ಸೀಮೆಯ ಕಲ್ಲುಗಳ ಮಾತನ್ನು ಲೋಕಕ್ಕೆ ಕೇಳಿಸಿದುವು.

ಕುಬಟೂರಿನವರು ತಮ್ಮ ಊರನ್ನು ಪುರಾಣದ ಕುಂತಲನಗರಿಯೆಂದೂ ಚಂದ್ರಹಾಸನ ರಾಜಧಾನಿಯೆಂದೂ ಹೇಳಿಕೊಳ್ಳುವುದುಂಟು. ಲಕ್ಷ್ಮೀಶನ ಕಾವ್ಯದಿಂದಲೂ ಯಕ್ಷಗಾನದ ಆಟಗಳಿಂದಲೂ ಈ ಕಥೆಯು ಮಲೆನಾಡಿನ ಆಬಾಲವೃದ್ಧರಿಗೆ ತಿಳಿದುದೇ ಆಗಿದೆ. ಪತ್ರವನ್ನು ತಂದವನಿಗೆ ವಿಷವನ್ನು ಕೊಡುವಂತೆ ಮಂತ್ರಿ ದುಷ್ಟಬುದ್ಧಿಯು ಬರೆದು ಕಳುಹಿಸುತ್ತಾನೆ. ಅವನ ಮಗಳು ವಿಷಯೆಯು ಆ ಓಲೆಯನ್ನು ಓದಿ, ಒಂದಕ್ಷರವನ್ನು ತಿದ್ದಿ, ವಿಷದ ಬದಲು ತನ್ನನ್ನೇ ಕೊಡುವಂತೆ ಮಾಡುತ್ತಾಳೆ. ಐತಿಹ್ಯವನ್ನು ಇತಿಹಾಸವೆಂದು ಹಿಡಿಯಬೇಕಾಗಿಲ್ಲ. ಆದರೆ ಒಂದು ಊರು ತನ್ನ ಹಿರಿಮೆಯನ್ನು ಹೇಳಿಕೊಳ್ಳುವಾಗ ಓದುಬರಹ ಬಲ್ಲ ಹೆಣ್ಣೊಬ್ಬಳ ಒಂದಕ್ಷರದ ತಿದ್ದುಪಡಿಯಿಂದ ಒಂದು ಜೀವವೂ ಒಂದು ರಾಜ್ಯವೂ ಉಳಿದ ಕಥೆಯನ್ನು ಆರಿಸಿಕೊಂಡಿತೆಂಬುದು ಗಮನಿಸತಕ್ಕ ಸಂಗತಿ. ಅಕ್ಷರದ ಬೆಲೆಯನ್ನು ಆ ಊರು ಬಲ್ಲದಾಗಿದ್ದಿತು.

ಐತಿಹ್ಯದಿಂದ ಶಾಸನಕ್ಕೆ ಬರೋಣ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಪದ್ಮನಂದಿ ಸಿದ್ಧಾಂತದೇವರ ಮೂಲಕ ಇಲ್ಲಿ ಪಾರ್ಶ್ವದೇವರ ಚೈತ್ಯಾಲಯವನ್ನು ಪ್ರತಿಷ್ಠೆಮಾಡಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಆಕೆ ಸತ್ಕರಿಸಲು, ಅವರೇ ಆ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ವೈದಿಕರ ಊರಿನ ನಡುವೆ ಜಿನಾಲಯವು ಎದ್ದು, ಅದಕ್ಕೆ ವೈದಿಕರೇ ನಾಮಕರಣಮಾಡಿದ ಈ ಸಂಗತಿಯಿಂದ ಆ ಕಾಲದ ವಿದ್ವಜ್ಜನರ ಮನಸ್ಸಿನ ವಿಸ್ತಾರವನ್ನು ಊಹಿಸಬಹುದು. ಬೇರೆಯವರಿಂದ ಕೇಳಬೇಕಾದುದು ಇನ್ನೂ ಉಂಟು ಎಂದು ತಿಳಿದವನೇ ವಯಸ್ಸಾದಮೇಲೂ ಕಲಿಯಬಲ್ಲನು.

ಇನ್ನು ಈ ಸೀಮೆಯ ಅತ್ಯಂತ ಹಳೆಯ ವಿದ್ಯಾರ್ಥಿಯ ಮಾತು. ತಾಳಗುಂದದ ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಐದನೆಯ ಶತಮಾನದ ಕಲ್ಲುಗಂಬವು ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ವೇದಾಧ್ಯಯನದಲ್ಲಿ ಹೆಸರಾದ ಮನೆತನದಲ್ಲಿ ಹುಟ್ಟಿದ ಅವನು, ವಿದ್ಯೆಯನ್ನು ಸಮಗ್ರವಾಗಿ ಸಾಧಿಸಬೇಕೆಂಬ ಬಯಕೆಯಿಂದ ಗುರು ವೀರಶರ್ಮನೊಡನೆ ಪಲ್ಲವರ ಕಾಂಚೀನಗರಕ್ಕೆ ಹೋಗಿ ಅಲ್ಲಿಯ ಘಟಿಕಾಸ್ಥಾನವನ್ನು ಸೇರಿದನು. ಶಿಷ್ಯನೊಬ್ಬನೇ ಹೋಗಲಿಲ್ಲ, ಗುರುವೂ ಜೊತೆಯಲ್ಲಿ ಹೊರಟನು ಎಂಬುದನ್ನು ವಾಚಕರು ಮರೆಯಬಾರದು. ಘಟಿಕೆಯು ಓಂಕಾರವನ್ನು ತಿದ್ದುವ ಬಾಲಕರ ಮಠವಾಗಿರಲಿಲ್ಲ. ಬಲ್ಲವರು ಬಲ್ಲವರೊಡನೆ ವಾದಿಸಿ ತಮ್ಮ ಅರಿವನ್ನು ಒರೆಗೆ ಹಚ್ಚುವ ಸ್ಥಳವಾಗಿದ್ದಿತು. ಮನೆಯ ಕಲಿಕೆ ಮುಗಿದ ಬಳಿಕ ಇನ್ನೊಮ್ಮೆ ವಿದ್ಯಾರ್ಥಿಯಾಗುವ ಪದ್ಧತಿಯು ಆಗಲೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಆದರೆ ಮಯೂರಶರ್ಮನ ಓದು ಪೂರ್ಣವಾಗಲಿಲ್ಲ. ಪಲ್ಲವರ ಕುದುರೆಯ ಕಾರಣದಿಂದ ಹುಟ್ಟಿದ ಜಗಳದಲ್ಲಿ ಅವಮಾನಿತನಾಗಿ, ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ ಕೈಯಲ್ಲಿ ಕತ್ತಿಯನ್ನು ಹಿಡಿದು ಅವನು ರಾಜ್ಯವನ್ನು ಕಟ್ಟಿದನು. ಕನ್ನಡನಾಡಿನ ಮೊದಲ ರಾಜವಂಶವೊಂದು ಹೀಗೆ ಅರ್ಧಕ್ಕೆ ನಿಂತ ವಿದ್ಯಾಭ್ಯಾಸದಿಂದ ಹುಟ್ಟಿತು. ಅವನು ಬಿಟ್ಟ ಓದನ್ನು ಅವನ ವಂಶದವರು ಬೇರೆ ರೀತಿಯಲ್ಲಿ ಮನೆಗೆ ಕರೆತಂದರೆಂದು ಹೇಳಬಹುದು. ಏಕೆಂದರೆ ಈ ಕಥೆಯನ್ನು ಹೇಳುವ ಸಂಸ್ಕೃತಕಾವ್ಯವನ್ನು ಶಾಂತಿವರ್ಮನ ಆಜ್ಞೆಯಂತೆ ರಚಿಸಿದವನು ಕುಬ್ಜನೆಂಬ ಕವಿ. ಅದನ್ನು ಶಿಲೆಯ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಕತ್ತಿಯಿಂದ ಗಳಿಸಿದ ರಾಜ್ಯವು ಹೋಯಿತು. ಕುಬ್ಜನ ಅಕ್ಷರವು ಹದಿನೈದು ಶತಮಾನಗಳ ಮಳೆಗಾಳಿಗಳನ್ನು ಸಹಿಸಿ ನಿಂತಿರುವುದು.

ಪ್ರೌಢರ ವಿದ್ಯಾಭ್ಯಾಸವು ಎಷ್ಟು ವಿಶಾಲವಾಗಿ ನಡೆಯಬಲ್ಲುದೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠವೇ ನಿದರ್ಶನ. ಕೆರೆಯ ಕೋಡಿಯ ಬಳಿ ಕೇದಾರೇಶ್ವರನ ಗುಡಿಗೆ ಸೇರಿದ್ದ ಈ ಕಾಳಾಮುಖ ಮಠವನ್ನು ಕಲಚುರಿ ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವೊಂದು ವಿಸ್ತಾರವಾಗಿ ವರ್ಣಿಸುತ್ತದೆ. ಸಾಂಗವಾದ ನಾಲ್ಕು ವೇದಗಳ ವ್ಯಾಖ್ಯಾನ. ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು. ಲಾಕುಲಸಿದ್ಧಾಂತ, ಪತಂಜಲಿಯ ಯೋಗ. ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರಗಳು. ಇವುಗಳ ಜೊತೆಗೆ ಕಾವ್ಯ, ನಾಟಕ, ನೃತ್ಯಗಳು ಸಹ ಅಲ್ಲಿ ಸಲ್ಲುತ್ತಿದ್ದುವು. ಶೈವಮಠವೊಂದು ಬೌದ್ಧದರ್ಶನಕ್ಕೂ ನಾಟಕಕ್ಕೂ ತನ್ನ ಪಾಠದಲ್ಲಿ ಎಡೆಗೊಟ್ಟುದು ಆಶ್ಚರ್ಯಕರವಾಗಿದೆ.

ಅಲ್ಲಿಗೆ ಬರುತ್ತಿದ್ದವರು ಯಾರೆಂಬುದನ್ನೂ ಅದೇ ಶಾಸನವು ತಿಳಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕುಣಿಯುವವರು. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರೆಂಬ ಸಂನ್ಯಾಸಿಗಳು. ಇವರೆಲ್ಲರಿಗೂ ಅಲ್ಲಿ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು, ಸಕಲ ಪ್ರಾಣಿಗಳಿಗೂ ಅಭಯವಿದ್ದಿತು. ಈ ಪಟ್ಟಿಯಲ್ಲಿ ಬಾಲಕರ ಸುದ್ದಿಯೇ ಇಲ್ಲ. ಸಂನ್ಯಾಸಿಗಳು ಲೋಕವನ್ನು ಕಂಡು ಬಂದವರು. ಗಾಯಕರೂ ನಟರೂ ತಮ್ಮ ಕಸುಬಿನಲ್ಲಿ ಪಳಗಿದವರು. ಇಂಥವರೆಲ್ಲ ವ್ಯಾಕರಣ ದರ್ಶನಗಳ ವ್ಯಾಖ್ಯಾನವು ನಡೆಯುತ್ತಿದ್ದ ಅಂಗಳದಲ್ಲಿಯೇ ಕುಳಿತು ಉಣ್ಣುತ್ತಿದ್ದರೆಂದಮೇಲೆ, ವಿದ್ಯೆಗೂ ಕಲೆಗೂ ನಡುವೆ ಇಂದಿನ ನಮ್ಮ ಗೋಡೆಯು ಆಗ ಇಷ್ಟು ಎತ್ತರವಾಗಿರಲಿಲ್ಲವೆಂದು ತಿಳಿಯಬೇಕು. ಅನ್ನದ ಚಿಂತೆಯನ್ನು ಕಳೆಯದೆ ಪ್ರಾಯದವನಿಗೆ ವಿದ್ಯೆಯನ್ನು ಹೇಳಲಾಗದು ಎಂಬ ಲೌಕಿಕಸತ್ಯವನ್ನೂ ಕೋಡಿಯಮಠದ ಆಚಾರ್ಯರು ಚೆನ್ನಾಗಿ ಅರಿತಿದ್ದರು.

ಈ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದ ನಿದರ್ಶನವು ಬಳ್ಳಿಗಾವೆಯ ಕವಿ ಶಾಂತಿನಾಥನದು. ಭುವನೈಕಮಲ್ಲನ ಕೆಳಗೆ ಬನವಾಸಿನಾಡನ್ನು ಆಳುತ್ತಿದ್ದ ಲಕ್ಷ್ಮನೃಪನ ಬಳಿಯಲ್ಲಿ ಇವನು ಅರ್ಥಾಧಿಕಾರಿಯಾಗಿದ್ದನು. ಎಂದರೆ ನಾಡಿನ ಹಣಕಾಸಿನ ಭಾರವು ಇವನ ಹೆಗಲ ಮೇಲಿದ್ದಿತು. ಬಳ್ಳಿಗಾವೆಯ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಶಿಲಾಮಯವಾಗಿ ಕಟ್ಟಿಸುವಂತೆ ಒಡೆಯನನ್ನು ಒಡಂಬಡಿಸಿದವನೂ ಇವನೇ. ಲೆಕ್ಕಪತ್ರ, ಸುಂಕ, ದಾನಶಾಸನಗಳ ನಡುವೆ ಹಗಲನ್ನು ಕಳೆಯುತ್ತಿದ್ದ ಈ ಅಧಿಕಾರಿಯು ೧೦೬೮ರ ಸುಮಾರಿನಲ್ಲಿ ‘ಸುಕುಮಾರಚರಿತ’ವೆಂಬ ಚಂಪೂಕಾವ್ಯವನ್ನು ರಚಿಸಿದನು. ಕಛೇರಿಯ ಕೆಲಸವು ಕವಿತ್ವವನ್ನು ಕೊಂದುಬಿಡುವುದೆಂದು ದೂರುವವರು ಈ ಅರ್ಥಾಧಿಕಾರಿಯನ್ನು ಒಮ್ಮೆ ನೆನೆಯಬೇಕು.

ಅವನು ಆರಿಸಿಕೊಂಡ ಕಥೆಯು ಇನ್ನೂ ಸ್ವಾರಸ್ಯವಾದುದು. ವಡ್ಡಾರಾಧನೆಯಲ್ಲಿಯೂ ಬರುವ ಈ ಕಥೆಯ ಪೂರ್ವಭಾಗ ಹೀಗಿದೆ. ಕೌಶಾಂಬಿಯಲ್ಲಿ ಅಗ್ನಿಭೂತಿ ವಾಯುಭೂತಿಗಳೆಂಬ ಅಣ್ಣತಮ್ಮಂದಿರಿದ್ದರು. ತಂದೆ ಸೋಮಶರ್ಮನು ಅರಮನೆಯಲ್ಲಿ ಮಾನ್ಯನಾಗಿದ್ದುದರಿಂದ ಇವರು ಓದನ್ನು ಅಲಕ್ಷ್ಯಮಾಡಿ ಆಟಪಾಟಗಳಲ್ಲಿ ಬೆಳೆದರು. ತಂದೆ ತೀರಿಹೋದಾಗ ವಿದ್ಯೆಯಿಲ್ಲದ ಇವರಿಗೆ ಅವನ ಪದವಿಯು ದೊರೆಯದೆ ಬೇರೆಯವರ ಪಾಲಾಯಿತು. ತಾಯಿಯು ಇವರನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ಸೋದರಮಾವನೆಂದು ಗೊತ್ತಾದರೆ ಸಲಿಗೆ ಬೆಳೆದು ಓದು ಕೆಡುವುದೆಂದು ಬಗೆದು ಅವನು ತನಗೆ ತಂಗಿಯೇ ಇಲ್ಲವೆಂದುಬಿಟ್ಟನು. ಭಿಕ್ಷದಿಂದ ಉಂಡು ಕಲಿಯುವುದಾದರೆ ಹೇಳಿಕೊಡುವೆನೆಂದನು. ಬೆಳೆದು ನಿಂತ ಆ ಯುವಕರು ಮನೆಮನೆಯಲ್ಲಿ ಬೇಡಿ ಉಂಡು ಹಲವು ವರ್ಷ ಓದಿ ಪಂಡಿತರಾದರು. ಊರಿಗೆ ಹೊರಡುವ ಹೊತ್ತಿಗೆ ಗುರುವು ತಾನು ಮಾವನೆಂಬುದನ್ನು ತಿಳಿಸಿದನು. ಆಗ ಅಣ್ಣನು, ಇವನು ಕಠಿನನಾದುದರಿಂದಲೇ ನಾವು ಕಲಿತೆವು ಎಂದು ಕೃತಜ್ಞನಾದನು. ತಮ್ಮನು, ತನ್ನವರೇ ಆಗಿದ್ದೂ ನಮ್ಮನ್ನು ತಿರಿದುಣ್ಣುವಂತೆ ಮಾಡಿದನಲ್ಲಾ ಎಂದು ಕನಲಿದನು. ಆ ಕಹಿಯು ಬಿಡದೆ ಅವನನ್ನು ಜನ್ಮಜನ್ಮಾಂತರಗಳಲ್ಲಿ ತೊಳಲಿಸಿತೆಂಬುದೇ ಮುಂದಿನ ಕಥೆ.

ಇಬ್ಬರಿಗೂ ಗುರು ಒಬ್ಬನೇ, ಪಾಠ ಒಂದೇ, ಉಂಡ ಭಿಕ್ಷವೂ ಒಂದೇ. ಫಲಮಾತ್ರ ಬೇರೆ. ತಡವಾಗಿ ಕಲಿಯಲು ಹೋಗುವವನಿಗೆ ಎದುರಾಗುವ ನಿಜವಾದ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಯನ್ನು ಕಾಣುವುದು ಅಪರೂಪ. ಆ ಕಷ್ಟವು ಬುದ್ಧಿಯದಲ್ಲ, ಮಾನದ್ದು. ತನಗಿಂತ ಕಿರಿಯರ ಸಾಲಿನಲ್ಲಿ ಕೂರಬೇಕು, ತಾನು ಬಲ್ಲೆನೆಂದುಕೊಂಡುದನ್ನು ಅಲ್ಲವೆನ್ನಿಸಿಕೊಳ್ಳಬೇಕು, ಕೇಳಿ ಪಡೆಯಬೇಕು. ಹುಡುಗನಿಗೆ ಇದು ಭಾರವಲ್ಲ, ಅವನಿಗೆ ಕಳೆದುಕೊಳ್ಳಲು ಮಾನವಿನ್ನೂ ಬೆಳೆದಿರುವುದಿಲ್ಲ. ನಲವತ್ತರವನಿಗೆ ಅದು ಭಿಕ್ಷಾಪಾತ್ರೆಯಷ್ಟೇ ಭಾರ. ಅದನ್ನು ಅಗ್ನಿಭೂತಿಯಂತೆ ಹೊತ್ತವನಿಗೆ ವಿದ್ಯೆಯು ಸಿದ್ಧಿಸುತ್ತದೆ, ವಾಯುಭೂತಿಯಂತೆ ಹೊತ್ತವನಿಗೆ ಕಲಿತುದೂ ವಿಷವಾಗುತ್ತದೆ. ಅಧಿಕಾರದಲ್ಲಿದ್ದೂ ಕಾವ್ಯಕ್ಕೆ ಕೈಹಾಕಿದ ಶಾಂತಿನಾಥನಿಗೆ ಈ ಕಥೆಯು ಹಿಡಿಸಿದುದು ಸಹಜವಾಗಿಯೇ ಇದೆ.

ಇಷ್ಟು ಹೇಳಿದಮೇಲೆ ಒಂದು ಸತ್ಯವನ್ನು ಮುಚ್ಚಿಡಲಾಗದು. ಅಗ್ರಹಾರದ ವೇದಪಾಠವು ಎಲ್ಲರಿಗೂ ತೆರೆದುದಾಗಿರಲಿಲ್ಲ. ಹುಟ್ಟಿನಿಂದ ಅಧಿಕಾರವಿಲ್ಲದವರಿಗೂ ಬಹುಪಾಲು ಹೆಂಗಸರಿಗೂ ಆ ಬಾಗಿಲು ಬಾಲ್ಯದಲ್ಲಿಯೇ ಮುಚ್ಚಿದ್ದಿತು. ಬಾಲ್ಯದಲ್ಲಿ ಬಾಗಿಲೇ ತೆರೆಯದವರಿಗೆ ‘ಓದಿನ ವಯಸ್ಸು ಮೀರಿತು’ ಎಂದು ಹೇಳುವುದು ಎರಡನೆಯ ಅನ್ಯಾಯ. ಆದುದರಿಂದ ಪ್ರೌಢವಯಸ್ಸಿನ ವಿದ್ಯೆಯೆಂಬುದು ಬಿಡುವುಳ್ಳವರ ವಿನೋದವಲ್ಲ. ಅದು ಬಹುಮಂದಿಗೆ ದೊರೆತ ಮೊದಲನೆಯ ಅವಕಾಶ.

ಈ ಬಾಗಿಲನ್ನು ಒಡೆದವರೊಳಗೆ ಅಗ್ರಗಣ್ಯನಾದ ಅಲ್ಲಮಪ್ರಭುವು ಇದೇ ಬಳ್ಳಿಗಾವೆಯವನೆಂದು ಸಂಪ್ರದಾಯವು ಹೇಳುತ್ತದೆ. ಹರಿಹರನ ರಗಳೆಯಂತೆ ಅವನು ಮದ್ದಳೆಯ ವಾದನದಲ್ಲಿ ನಿಪುಣನು. ಪ್ರಿಯೆಯಾದ ಕಾಮಲತೆಯನ್ನು ಕಳೆದುಕೊಂಡು ದುಃಖದಿಂದ ಅಲೆಯುತ್ತಿರುವಾಗ ಅವನಿಗೆ ಅನಿಮಿಷನ ದರ್ಶನವಾಯಿತು. ಮದ್ದಳೆಯು ನಿಂತಿತು, ಆದರೆ ಲಯವನ್ನು ಬಲ್ಲ ಆ ಕೈಯ ಸಂಸ್ಕಾರವು ವಚನದ ನುಡಿಗಟ್ಟಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಅವನು ಕಲ್ಯಾಣಕ್ಕೆ ಬಂದುದು ಲೋಕವನ್ನು ಕಂಡು ನೊಂದ ಮೇಲೆಯೇ. ಅಲ್ಲಿಯ ಅನುಭವಗೋಷ್ಠಿಯಲ್ಲಿ ಕುಳಿತಿದ್ದವರೂ ದೋಣಿ ನಡೆಸುವವರು, ಬಟ್ಟೆ ಮಡಿಮಾಡುವವರು, ಅಕ್ಕಿ ಆಯುವವರು. ಕಾಯಕದಲ್ಲಿ ಕೈ ಬಲಿತ ಗಂಡಸರು, ಹೆಂಗಸರು. ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಆಯ್ದಕ್ಕಿ ಲಕ್ಕಮ್ಮನೂ ಕನ್ನಡದ ಗ್ರಂಥಕರ್ತರಾದುದು ಹೀಗೆಯೇ. ಬಗ್ಗದ ಮರಗಳೆಂದು ಲೋಕವು ಬಿಟ್ಟವರಿಂದಲೇ ಆ ಸಾಹಿತ್ಯವು ಚಿಗುರಿತು.

ಇನ್ನೊಂದು ನಿದರ್ಶನವನ್ನು ಮೈಸೂರು ಅರಮನೆಯಿಂದ ತೆಗೆದುಕೊಳ್ಳಬಹುದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ರಾಣಿಯ ಬಳಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ಅಳಸಿಂಗರಾಚಾರ್ಯರಲ್ಲಿ ವಿದ್ಯೆಯನ್ನು ಕಲಿತು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯಕಾವ್ಯವನ್ನು ಬರೆದಳು. ಊಳಿಗದ ಹೆಣ್ಣಿಗೆ ಓದೇತಕ್ಕೆಂದು ಆ ಗುರುವು ಕೇಳಿದ್ದರೆ ಕನ್ನಡಕ್ಕೆ ಒಬ್ಬ ಕವಯಿತ್ರಿಯು ಇಲ್ಲದಂತಾಗುತ್ತಿದ್ದಳು.

ನಮ್ಮ ಕಾಲಕ್ಕೆ ಹತ್ತಿರವಾದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ೧೯೨೭ರಲ್ಲಿ ಅಲ್ಲಿ ಕನ್ನಡದ ಎಂ. ಎ. ತರಗತಿಯು ಆರಂಭವಾಯಿತು. ಉತ್ತರಕರ್ಣಾಟಕದಲ್ಲಿ ವರಕವಿ ಬೇಂದ್ರೆಯವರ ಬಾಳು ನಮ್ಮ ವಿಷಯಕ್ಕೆ ಉಜ್ಜ್ವಲವಾದ ಸಾಕ್ಷಿಯಾಗಿದೆ. ೧೯೧೮ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದು ಧಾರವಾಡದಲ್ಲಿ ಉಪಾಧ್ಯಾಯರಾದ ಅವರು ‘ನರಬಲಿ’ ಎಂಬ ಕವನದ ನಿಮಿತ್ತ ೧೯೩೨ರಲ್ಲಿ ಸೆರೆಮನೆಯನ್ನು ಕಂಡು, ಬಳಿಕ ಮುಗದದಲ್ಲಿ ನಿರ್ಬಂಧದಲ್ಲಿದ್ದು, ಉದ್ಯೋಗವನ್ನೂ ಕಳೆದುಕೊಂಡರು. ಸಂಸಾರಿಯೂ ನಿರುದ್ಯೋಗಿಯೂ ಆಗಿ, ಪುಸ್ತಕವನ್ನು ಪುನಃ ಹಿಡಿದು, ೧೯೩೫ರಲ್ಲಿ ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಎಂ. ಎ. ಪದವಿಯನ್ನು ಪಡೆದರು. ಎರಡೇ ವರ್ಷಗಳಲ್ಲಿ ‘ಸಖೀಗೀತ’, ಮರುವರ್ಷ ‘ನಾದಲೀಲೆ’ ಬೆಳಕನ್ನು ಕಂಡುವು. ೧೯೪೪ರಿಂದ ಹನ್ನೆರಡು ವರ್ಷ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸಿದರು. ಪರೀಕ್ಷೆಯು ಅವರನ್ನು ಕವಿಯಾಗಿ ಮಾಡಲಿಲ್ಲ, ಅವರು ಮೊದಲೇ ಕವಿಗಳು. ಆದರೆ ಬಾಳಿನ ನಡುಹಾದಿಯಲ್ಲಿ ವಿದ್ಯಾರ್ಥಿಯಾಗುವುದರಿಂದ ಕವಿತ್ವಕ್ಕೆ ಕುಂದಿಲ್ಲವೆಂಬುದಕ್ಕೆ ಇನ್ನೇನು ಪ್ರಮಾಣ ಬೇಕು?

ಆ ಬಳಿಕ ಬಾಗಿಲುಗಳು ಒಂದೊಂದಾಗಿ ತೆರೆದುವು. ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸತೊಡಗಿತು. ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿಯೇ ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ನೆಲೆಗೊಂಡಿತು. ಕುಬಟೂರಿನಿಂದ ಕಾಂಚಿಗೆ ನಡೆದು ಹೋಗಬೇಕಾದ ಕಾಲವು ಕಳೆಯಿತು. ಅಡಕೆಯ ಕೊಯ್ಲು ಮುಗಿಸಿದ ತೋಟಗಾರನೂ, ಮಗಳನ್ನು ಗಂಡನ ಮನೆಗೆ ಕಳುಹಿಸಿದ ತಾಯಿಯೂ ಮನೆಯ ಜಗಲಿಯಲ್ಲಿ ಕುಳಿತು ಪಂಪನನ್ನು ಓದಬಹುದಾಗಿದೆ.

ಹೀಗೆ ಮರಳಿ ಓದಲು ಹೊರಟವರೆಲ್ಲ ಕವಿಗಳಾಗುವರೆಂದು ಯಾರೂ ಹೇಳಲಾರರು. ಮಯೂರಶರ್ಮನು ಹೋದುದು ವೇದಕ್ಕೆ, ದೊರೆತುದು ರಾಜ್ಯ. ಆದರೆ ಯೌವನದಲ್ಲಿ ಒಲಿದಿದ್ದ ಕಲೆಯು, ಅನ್ನದ ಅವಸರದಲ್ಲಿ ಬಿಟ್ಟುಹೋದಮಾತ್ರಕ್ಕೆ ಸಾಯುವುದಿಲ್ಲ. ಬೇಸಗೆಯಲ್ಲಿ ಒಣಗಿದ ಕೆರೆಯ ತಳದಲ್ಲಿ ತಾವರೆಯ ಗಡ್ಡೆಯು ಉಳಿದಿರುವಂತೆ ಅದು ಉಳಿದಿರುತ್ತದೆ. ನೀರು ಬಂದರೆ ಎಲೆಯೊಡೆಯುತ್ತದೆ. ನೀರನ್ನು ತರುವುದು ಗುರುವಿನ ಮಾತು, ಸಹಪಾಠಿಗಳ ಸಂಗ, ಪ್ರತಿದಿನದ ನಿಯಮ. ಒಬ್ಬನೇ ಕುಳಿತು ಹಂಬಲಿಸುವುದಕ್ಕಿಂತ ಹತ್ತು ಮಂದಿಯ ನಡುವೆ ಕಲಿಯುವುದರಿಂದ ಈ ಕೆಲಸವು ಬೇಗ ಆಗುತ್ತದೆ. ಕೋಡಿಯಮಠವು ಅಂಥ ಕೂಟವಾಗಿದ್ದಿತು, ಕಲ್ಯಾಣವೂ ಅಂಥ ಕೂಟವಾಗಿದ್ದಿತು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ತಮ್ಮ ಮನೆಯಲ್ಲಿ ಯಾರಾದರೂ ತಲೆ ನರೆತಮೇಲೆ ಓದುವೆನೆಂದು ಹೊರಟರೆ ಅವರನ್ನು ನಕ್ಕು ಕೂರಿಸಬೇಡಿರಿ. ಅವರು ಹೊತ್ತಿರುವ ಭಿಕ್ಷಾಪಾತ್ರೆಯು ಮೊದಲೇ ಭಾರವಾಗಿದೆ. ನಮ್ಮ ನಗುವನ್ನೂ ಅದರಲ್ಲಿ ಹಾಕಬೇಕಾಗಿಲ್ಲ. ಸಾಧ್ಯವಾದರೆ ಸಂಜೆಯ ಒಂದು ಗಳಿಗೆ ದೀಪವನ್ನೂ ಮೌನವನ್ನೂ ಅವರಿಗಾಗಿ ಬಿಟ್ಟುಕೊಡಿರಿ. ಈ ಸೀಮೆಯ ಕಲ್ಲುಗಳು ನಮಗೆ ಉಳಿಸಿಕೊಟ್ಟಿರುವ ಧರ್ಮವು ಅದೇ.